ಕಟ್ಟಿದವನೇ ಮೊದಲು ಕೂರಬೇಕು

“ಬೋಳಿಮಗನೆ, ಬ್ರೇಕ್ ಇಲ್ಲ ಅಂತ ಇನ್ನೊಂದ್ಸಲ ಬಾಯ್ಬಿಟ್ರೆ ಹಲ್ಲು ಉದುರಿಸಿಬಿಡ್ತೀನಿ!”

ಧಣಿ ವೆಂಡೆಲ್ ಪಿಕಪ್ಪಿನ ಬಾಗಿಲಿಗೆ ಝಾಡಿಸಿ ಒದ್ದ. ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದ ಫಿದೆನ್ಸಿಯೊ ಅಲುಗಲಿಲ್ಲ. ಧಣಿ ಸ್ಪ್ಯಾನಿಷ್ ಕಲಿತದ್ದು ಮೆಕ್ಸಿಕೋದ ಆಳುಗಳಿಂದ. ಬೈಗುಳ ಮೊದಲು ಕಲಿತಿದ್ದ, ಇವತ್ತಿಗೂ ಅದೇ ಚೆನ್ನಾಗಿ ಬರುತ್ತಿತ್ತು.

ಕೊಲರಾಡೊ ಘಟ್ಟದ ನೆತ್ತಿಯಲ್ಲಿ ಲಾರಿಗಳು ನಿಂತು ಬ್ರೇಕು ನೋಡಿಕೊಳ್ಳುವ ಜಾಗ ಅದು. ಅಲ್ಲಿಂದ ಮುಂದಕ್ಕೆ ಬರೀ ಇಳಿಜಾರು. ಪಿಕಪ್ಪಿನ ಬೆನ್ನ ಮೇಲೆ ಕತ್ತಿಟ್ಟು ಹಿಂದಕ್ಕೆ ಮೈಚಾಚಿ ನಿಂತಿತ್ತು ಆಳುಗಳ ಬಿಡಾರದ ಗಾಡಿ. ‘ಐದನೇ ಚಕ್ರ’ ಅಂತ ಅದರ ಹೆಸರು. ಒಳಗೆ ಬೀರುವಿನಷ್ಟಗಲದ ಕೋಣೆಗಳು, ಒಂದರ ಮೇಲೊಂದು ಮಂಚ. ಮೇಳ ಊರಿಂದೂರಿಗೆ ಹೋದಾಗ ಜೈಂಟ್ ವೀಲ್, ಮರದ ಕುದುರೆಗಳ ಹಿಂದೆ ಇದೂ ಹೋಗಬೇಕು. ಒಂದು ಟ್ರಿಪ್ಪು ಉಳಿಯಲಿ ಅಂತ ಧಣಿ ಈ ಸಲ ಜೈಂಟ್ ವೀಲಿನ ಬುಡಕ್ಕೆ ಇಡುವ ಕಬ್ಬಿಣದ ತೂಕಗಳನ್ನೂ ಅದರ ಹೊಟ್ಟೆಗೇ ತುರುಕಿಸಿದ್ದ. ಆಳುಗಳ ವ್ಯಾನು ಕೆಟ್ಟಿತ್ತು, ಹಾಗಾಗಿ ಆಳುಗಳನ್ನೂ.

ಅಂಥ ಗಾಡಿಗೆ ಅದರದೇ ಬ್ರೇಕು ಬೇಕು. ಡ್ರೈವರನ ಮೊಣಕಾಲ ಬಳಿ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದರ ಹಿಡಿ ಒತ್ತಿದರೆ ಹಿಂದಿನ ಗಾಡಿ ತಾನೇ ಕಾಲೂರಿ ನಿಂತು ಪಿಕಪ್ಪನ್ನು ಹಿಂದಕ್ಕೆ ಜಗ್ಗಬೇಕು. ಬೆಳಗಿನಿಂದ ಫಿದೆನ್ಸಿಯೊ ಒತ್ತಿದ್ದೇ ಒತ್ತಿದ್ದು. ಜಗ್ಗುವುದಿರಲಿ, ಹಿಂದಿನದು ಮುಂದಿನದನ್ನು ತಳ್ಳುತ್ತಲೇ ಬಂದಿತ್ತು.

“ವೈರನ್ನ ನಾನೇ ಕೈಯಾರೆ ಕಟ್ಟಿದ್ದೀನಿ ಕಣೋ. ಟೇಪ್ ಸುತ್ತಿದ್ದೀನಿ.”

“ಕಟ್ಟಿದ್ದೀರಿ ಧಣಿ. ಆದ್ರೆ ಹಿಂದಕ್ಕೆ ಕರೆಂಟೇ ಹೋಯ್ತಿಲ್ಲ. ಡಬ್ಬಿ ಸತ್ತೋಗೈತೆ. ಗ್ಯಾರೇಜಿನೋನ್ನ ಒಂದ್ಕಿತ ಕರಸಿ...”

“ಕರೆಸೋಕೆ ನಿಮ್ಮಪ್ಪ ದುಡ್ಡು ಇಟ್ಟು ಹೋಗವ್ನಾ? ನಾಳೆ ಬೆಳಿಗ್ಗೆ ಕೆಳಗಡೆ ಊರಲ್ಲಿ ಮೇಳ ಶುರುವಾಗ್ಬೇಕು. ಚಿಕ್ಕ ಗೇರಲ್ಲಿ ಇಳಿಸು. ನಿಮ್ಮ ಊರಲ್ಲಿ ಕತ್ತೆ ಓಡಿಸ್ತಿದ್ದೋನಿಗೆ ಇದೂ ಹೇಳಿಕೊಡಬೇಕಾ?”

ಅದು ಕತ್ತೆಯಲ್ಲ, ಹೇಸರಗತ್ತೆ. ಫಿದೆನ್ಸಿಯೊನ ಊರು ತ್ಲಾಪಕೋಯಾನಿನ ಇಳಿಜಾರು ತೋಟಗಳಿಂದ ಬಾಳೆಗೊನೆ ಹೊತ್ತು ತರುತ್ತಿತ್ತು. ಅದಕ್ಕೂ ಕಡಿವಾಣವಿಲ್ಲದೆ ಅಪ್ಪ ಇಳಿಜಾರಿಗೆ ಕಾಲಿಡುತ್ತಿರಲಿಲ್ಲ. ಅವರ ಸ್ಪ್ಯಾನಿಷ್ ಮಾತಿನಲ್ಲಿ ಗಾಡಿಯ ಬ್ರೇಕಿಗೂ ಹೇಸರಗತ್ತೆಯ ಕಡಿವಾಣಕ್ಕೂ ಒಂದೇ ಪದ, ಫ್ರೆನೊ. ಧಣಿಗೆ ಈ ಪದವೂ ಗೊತ್ತಿತ್ತು, ವೈರು ಸತ್ತಿರುವುದೂ ಗೊತ್ತಿತ್ತು.

ಫಿದೆನ್ಸಿಯೊ ಕೆಳಗಿಳಿದು ಟೋಪಿ ತೆಗೆದ. “ಧಣಿ, ಹೆಂಗಸ್ರನ್ನಾದ್ರೂ ನಿಮ್ ಕಾರಲ್ಲಿ ಕರ್ಕಳಿ. ಒಬ್ದೂಲಿಯಾ ಒಳಗವ್ಳೆ.”

“ಸೀಟೆಲ್ಲಿದೆ?”

ಕಾರಿನ ಮುಂದಿನ ಸೀಟಿನಲ್ಲಿ ಧಣಿಯ ನಾಯಿ ಕೂತಿತ್ತು. ಹಿಂದಿನ ಸೀಟಿನಲ್ಲಿ ಅದರ ಹಾಸಿಗೆ.

ಬಿಡಾರದ ಕಿಂಡಿಯಿಂದ ಒಬ್ದೂಲಿಯಾಳ ಮುಖ ಕಾಣಿಸಿತು. ಫಿದೆನ್ಸಿಯೊನ ಹೆಂಡತಿ, ಮೇಳದಲ್ಲಿ ಬೊಂಬಾಯಿ ಮಿಠಾಯಿ ಸುತ್ತುವವಳು. ಗಾಡಿ ಓಡುವಾಗ ಆಳುಗಳಿರುವುದು ಪೊಲೀಸರಿಗೆ ಕಾಣಬಾರದು ಅಂತ ಧಣಿ ಕೋಣೆಗಳಿಗೆಲ್ಲ ಹೊರಗಿನಿಂದ ಚಿಲಕ ಹಾಕಿಸಿದ್ದ. ಬಾಯಿಗೆ ಚಿಲಕ ಹಾಕಿಸುವುದು ಅವನಿಗೆ ಆಗಿರಲಿಲ್ಲ.

“ಯಾಕೆ ಅವ್ನ ಕಾಲ್ ಹಿಡೀತೀಯಾ? ಧಣಿ ತಾವ ಇರೋದೇ ಒಂದು ಫ್ರೆನೊ. ಅದ್ನ ಗಾಡಿಗೆ ಹಾಕ್ನಿಲ್ಲ, ನಿನ್ ಬಾಯಿಗೆ ಹಾಕವ್ನೆ!”

ಪಕ್ಕದ ಕೋಣೆಗಳಲ್ಲಿ ನಗೆ ಎದ್ದಿತು. ಎಲ್ಲಕ್ಕಿಂತ ಜೋರು ಮುದುಕ ಎಲ್ಯುತೇರಿಯೊನದು. ವೆಂಡೆಲ್‌ನ ಕಿವಿ ಕೆಂಪಾಯಿತು.

“ನಗ್ರೋ, ನಗ್ರಿ. ನಿಮ್ಮ ಪಾಸ್‌ಪೋರ್ಟೆಲ್ಲ ಎಲ್ಲಿದೆ ಅಂತ ಗೊತ್ತಲ್ಲ?”

ಗೊತ್ತಿತ್ತು. ಕಾರಿನ ಡಿಕ್ಕಿಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಅವರಿಗೆ ಸಿಕ್ಕಿದ್ದ ವೀಸಾದಲ್ಲಿ ಈ ಧಣಿಯ ಹತ್ತಿರ ಮಾತ್ರ ದುಡಿಯಬಹುದು. ಅವನು ಬೇಡವೆಂದರೆ ಇನ್ನೊಂದು ಬಾಗಿಲಿಲ್ಲ, ಮುಂದಿನ ವರ್ಷದ ಕರೆಯೂ ಇಲ್ಲ. ನಗೆ ನಿಂತಿತು.

ಒಬ್ದೂಲಿಯಾ ಮಾತ್ರ ಕಿಂಡಿ ಬಿಡಲಿಲ್ಲ. “ಧಣಿ, ನಿಮ್ಮದೇ ಕಾನೂನು ಐತಲ್ಲ. ಜೈಂಟ್ ವೀಲಿನ ತೊಟ್ಟಿಲ ಬೋಲ್ಟು ಬಿಗಿದೋನೇ ಮೊದ್ಲು ಅದ್ರಲ್ಲಿ ಕೂತು ತಿರುಗ್ಬೇಕು ಅಂತ. ಈ ವೈರು ಕಟ್ಟಿದೋರು ನೀವು. ಹತ್ತಿ ಮತ್ತೆ, ಓಡ್ಸಿ.”

ಊರೂರಿನಲ್ಲಿ ತಪಾಸಣೆಯವರ ಎದುರು ವೆಂಡೆಲ್ ಎದೆಯುಬ್ಬಿಸಿ ಹೇಳುತ್ತಿದ್ದ ಮಾತದು: ಕಟ್ಟಿದವನೇ ಮೊದಲು ಕೂರಬೇಕು. ಹಾಗೆ ಕೂತು ಎಲ್ಯುತೇರಿಯೊ ಒಮ್ಮೆ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಆವತ್ತೂ ಧಣಿ ಅಂದದ್ದು ಇದನ್ನೇ, ನೋಡಿದ್ರಾ, ಅದಕ್ಕೇ ಕಾನೂನು ಮಾಡಿರೋದು ಅಂತ.

“ಅದು ನಿಮ್ಮಂಥೋರಿಗೆ ಇರೋ ಕಾನೂನು ಕಣೇ,” ಅಂದ ವೆಂಡೆಲ್. ಹೋಗಿ ಅವಳ ಕಿಂಡಿಯ ಮುಚ್ಚಳವನ್ನು ಹೊರಗಿನಿಂದ ಬಡಿದು ಮುಚ್ಚಿದ. ವಾಪಸು ಬಂದು ಫಿದೆನ್ಸಿಯೊನ ಎದೆಗೆ ಬೆರಳು ಒತ್ತಿದ. “ಅರ್ಧ ದಾರೀಲಿ ಜಲ್ಲಿ ಹಾಸು ಇದೆ, ಬ್ರೇಕು ಕೈಕೊಟ್ಟ ಲಾರಿಗಳು ನುಗ್ಗೋದು. ಅದರೊಳಗೆ ಬಿಟ್ಟೆಯೋ, ಅಲ್ಲಿಂದ್ಲೇ ಮೆಕ್ಸಿಕೋಗೆ ನಡ್ಕೊಂಡು ಹೋಗು, ನಿನ್ ಹೆಂಡ್ತೀನೂ ಕರ್ಕೊಂಡು. ನನ್ ಗಾಡಿ ಹಾಳಾದ್ರೆ ನಿಮ್ಮ ಚರ್ಮ ಸುಲೀತೀನಿ.”

ಫಿದೆನ್ಸಿಯೊ ಟೋಪಿ ಹಾಕಿಕೊಂಡು ಹತ್ತಿದ.

ಮೊದಲ ತಿರುವು ಸುಸೂತ್ರವಾಯಿತು. ಚಿಕ್ಕ ಗೇರಿನಲ್ಲಿ ಇಂಜಿನ್ನು ಅರಚಿಕೊಳ್ಳುತ್ತಾ ಭಾರವನ್ನು ತಡೆದು ಹಿಡಿದಿತ್ತು. ಎರಡನೆಯ ತಿರುವಿನಲ್ಲಿ ಹಿಂದಿನಿಂದ ಯಾರೋ ಹೆಗಲು ಕೊಟ್ಟು ದೂಡಿದಂತಾಯಿತು. ಕಾಲಿನ ಬ್ರೇಕು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಒಂದು ಪಿಕಪ್ಪಿನ ಬ್ರೇಕು ಅಷ್ಟು ದೊಡ್ಡ ಬಿಡಾರವನ್ನು ಎಷ್ಟು ಹೊತ್ತು ತಡೆದೀತು? ಸುಟ್ಟ ವಾಸನೆ ಒಳಗೆ ಬಂತು. ಫಿದೆನ್ಸಿಯೊಗೆ ಹೆದರಿಕೆಯಾಯಿತು. ತನ್ನ ಜೀವದ ಹೆದರಿಕೆ ಅಷ್ಟಾಗಿ ಅಲ್ಲ. ಒಬ್ದೂಲಿಯಾ ಕತ್ತಲೆ ಕೋಣೆಯೊಳಗೆ ಯಾವುದನ್ನು ಹಿಡಿದುಕೊಂಡು ಕೂತಿದ್ದಾಳೋ, ಚಿಲಕ ಹೊರಗಿದೆಯಲ್ಲ, ಅನ್ನುವ ಹೆದರಿಕೆ.

ಸೀಟಿನ ಮೇಲಿದ್ದ ವಾಕಿಟಾಕಿ ಕರಕರ ಅಂದಿತು. ಹಿಂದೆ ಕಾರಿನಲ್ಲಿ ಬರುತ್ತಿದ್ದ ಧಣಿ. “ಹೊಗೆ ಬರ್ತಾ ಇದೆ, ಬರ್ಲಿ. ಹಿಡ್ಕೋ. ಇನ್ನು ಸ್ವಲ್ಪ ದೂರ.”

ಮುಂದೆ ದಾರಿ ಕವಲೊಡೆದು, ಬಲಕ್ಕೆ ಏರುಮುಖವಾಗಿ ಜಲ್ಲಿಯ ಹಾಸು ಕಾಣಿಸಿತು. ಎಡಕ್ಕೆ ಹೋದರೆ ಇನ್ನೂ ಕಡಿದಾದ ಇಳಿಜಾರು, ಕೆಳಗೆ ಊರು, ಊರ ಬಾಯಲ್ಲೇ ತಿರುವು. ಕಾಲ ಕೆಳಗಿನ ಬ್ರೇಕು ಮೆತ್ತಗಾಗಿತ್ತು, ಆದರೂ ಪೂರ್ತಿ ಸತ್ತಿರಲಿಲ್ಲ. ಅದೃಷ್ಟವಿದ್ದರೆ ಇಳಿದುಬಿಡಬಹುದಿತ್ತು. ಇಳಿದರೆ ನಾಳೆ ಮೇಳ, ಮುಂದಿನ ವರ್ಷ ಮತ್ತೆ ಕರೆ, ಮತ್ತೆ ಇದೇ ಘಟ್ಟ, ಇದೇ ವೈರು.

“ಎಡಕ್ಕೆ! ಎಡಕ್ಕೋ ಸೂಳೆಮಗನೆ!”

ಫಿದೆನ್ಸಿಯೊ ಬಲಕ್ಕೆ ತಿರುಗಿಸಿದ.

ಜಲ್ಲಿ ಚಿಮ್ಮಿ ಗಾಜಿಗೆ ಬಡಿಯಿತು. ಪಿಕಪ್ಪು ಮೂಗು ಹೂತು, ಹೊರಳಾಡಿ, ಒದ್ದಾಡಿ ನಿಂತಿತು. ಚಕ್ರಗಳು ಅರ್ಧಕ್ಕರ್ಧ ಹೂತಿದ್ದವು. ಆವತ್ತು ಹಿಂದಿನ ಗಾಡಿ ಮೊದಲ ಸಲ ಮುಂದಿನದನ್ನು ತಳ್ಳುವುದು ಬಿಟ್ಟಿತ್ತು.

ಫಿದೆನ್ಸಿಯೊ ಓಡಿ ಚಿಲಕಗಳನ್ನೆಲ್ಲ ತೆಗೆದ. ಒಬ್ದೂಲಿಯಾ ಹಣೆ ಒಡೆದುಕೊಂಡು, ಮೈತುಂಬ ಬೇಯಿಸಿದ ಬೀನ್ಸ್ ಕಾಳು ಚೆಲ್ಲಿಕೊಂಡು ಹೊರಬಂದಳು. “ರಾತ್ರಿ ಊಟ ಹೋಯ್ತು, ಮುಂಡೇದು,” ಅಂದು ಅತ್ತಳು. ಎಲ್ಯುತೇರಿಯೊ ನೆಲ ಮುಟ್ಟಿ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡ.

ಪೊಲೀಸರು ಬಂದರೆ ತನಗೇ ಕುತ್ತು ಅಂತ ವೆಂಡೆಲ್ ತನಗೆ ಬೇಕಾದವನೊಬ್ಬನ ಕ್ರೇನು ಕರೆಸಿದ. ಬರುವವರೆಗೆ ಚಕ್ರದ ಸುತ್ತಲಿನ ಜಲ್ಲಿ ಕೈಯಲ್ಲೇ ತೆಗೆಯಿರಿ ಅಂದ. ತೆಗೆದರು. ಬೆರಳು ಕಿತ್ತು ಹೋಗುವ ಹಾಗೆ ತೆಗೆದರು. ಕ್ರೇನು ಗಾಡಿಯನ್ನು ಹಿಂದಕ್ಕೆಳೆದು ರಸ್ತೆಯಂಚಿಗೆ ನಿಲ್ಲಿಸಿತು. ಬಿಡಾರದ ಒಂದು ಪಕ್ಕ ಜಜ್ಜಿದ್ದು ಬಿಟ್ಟರೆ ಎಲ್ಲ ನೆಟ್ಟಗಿತ್ತು. ವೈರೂ ಹಾಗೇ ಇತ್ತು, ಟೇಪು ಸುತ್ತಿಕೊಂಡು.

“ಯಾರಪ್ಪಾ ಓಡಿಸೋರು?” ಕ್ರೇನಿನವನು ಸರಪಳಿ ಬಿಚ್ಚುತ್ತಾ ಕೇಳಿದ. “ರೋಡ್ ಮೇಲೆ ನಿಲ್ಲಿಸ್ಬೇಡಿ. ಇನ್ನೂ ಅರ್ಧ ಘಟ್ಟ ಇದೆ.”

“ಫಿದೆನ್ಸಿಯೊ, ಹತ್ತು,” ಅಂದ ವೆಂಡೆಲ್. “ಬ್ರೇಕು ಆರಿದೆ. ನಿನ್ನ ಲೆಕ್ಕ ಆಮೇಲೆ ನೋಡ್ಕೋತೀನಿ.”

ಫಿದೆನ್ಸಿಯೊ ಜೇಬಿನಿಂದ ಕೀಲಿ ತೆಗೆದು ಬಾನೆಟ್ಟಿನ ಮೇಲಿಟ್ಟ.

“ಕಟ್ಟಿದೋನು ನೀನು. ನೀನೇ ಕೂತ್ಕೋ.”

ಧಣಿಗೆ ಅವನು ‘ನೀನು’ ಅಂದದ್ದು ಅದೇ ಮೊದಲು. ವೆಂಡೆಲ್ ಅವನನ್ನು ದುರುಗುಟ್ಟಿ ನೋಡಿ, ಮುದುಕನ ಕಡೆ ತಿರುಗಿದ.

“ಎಲ್ಯುತೇರಿಯೊ, ನೀನು ಹತ್ತು. ಮುಂದಿನ ವರ್ಷ ನಿನ್ನ ಮಗನ್ನೂ ಕರೆಸ್ತೀನಿ. ದೇವರಾಣೆ.”

ಮುದುಕ ಕೀಲಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನ ಕೈ ಅತ್ತ ಹೋಗುವುದನ್ನೂ ಎಲ್ಲರೂ ನೋಡಿದರು. ಆ ಕೈಯನ್ನು ಅವನು ಮುರಿದ ಸೊಂಟದ ಮೇಲಿಟ್ಟುಕೊಂಡು, ನರಳುತ್ತಾ ರಸ್ತೆಯಂಚಿನ ಜಲ್ಲಿಯ ಮೇಲೆ ಕೂತ. ಒಬ್ದೂಲಿಯಾ ಪಕ್ಕದಲ್ಲಿ ಕೂತಳು. ಉಳಿದವರೂ ಒಬ್ಬೊಬ್ಬರಾಗಿ ಕೂತರು.

ವೆಂಡೆಲ್ ಡಿಕ್ಕಿ ತೆಗೆದು ಪಾಸ್‌ಪೋರ್ಟಿನ ಪೆಟ್ಟಿಗೆಯನ್ನು ಎತ್ತಿ ತೋರಿಸಿದ. ಯಾರೂ ಏಳಲಿಲ್ಲ. ಅವನೇ ಬಗ್ಗಿ ಕೆಳಗಿನ ಇಳಿಜಾರು ನೋಡಿದ. ಕಾರಿನಲ್ಲಿ ನಾಯಿ ಬೊಗಳಿತು. ಕ್ರೇನಿನವನು, “ಬೇಗ ಯಾರಾದ್ರೂ ಹತ್ರಪ್ಪಾ,” ಅಂದ.

ಬಾನೆಟ್ಟಿನ ಮೇಲೆ ಕೀಲಿ ಬಿಸಿಲಲ್ಲಿ ಕಾಯುತ್ತಿತ್ತು.