ಒಬ್ಬಳೇ ಅಕ್ಕ, ಹಲವು ನಂಬರು

ಫೋನು ಬಿದ್ದದ್ದು ಲಿಫ್ಟಿಗೂ ನೆಲಕ್ಕೂ ನಡುವಿನ ಸಂದಿಯಲ್ಲಿ. ಎರಡು ಬೆರಳಗಲ ಇದ್ದೀತು, ಅಷ್ಟೆ. ಇಷ್ಟು ವರ್ಷ ಆ ಸಂದಿಯನ್ನು ದಾಟಿಕೊಂಡು ಎಷ್ಟು ಜನ ಹೋಗಿ ಬಂದಿದ್ದರೋ, ಒಬ್ಬರ ಅಂಗಿಯ ಗುಂಡಿಯೂ ಅದರೊಳಗೆ ಬಿದ್ದ ಸುದ್ದಿಯಿಲ್ಲ. ಬೀಳುವುದಕ್ಕೆ ಲಿಫ್ಟಣ್ಣನ ಫೋನೇ ಆಗಬೇಕಿತ್ತು.

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಆ ಹಳೆಯ ಆಫೀಸು ಕಟ್ಟಡದಲ್ಲಿ ಅದೇನೆಂದು ಕೇಳಿದವರಿಲ್ಲ. ಕಬ್ಬಿಣದ ಜಾಲರಿ ಬಾಗಿಲನ್ನು ಕರಕರ ಎಳೆದು, ಹಿತ್ತಾಳೆಯ ಹಿಡಿ ತಿರುಗಿಸಿ, ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವವನು ಲಿಫ್ಟಣ್ಣ. ತಲೆ ಪೂರ್ತಿ ನೆರೆತಿದ್ದರೂ ಅಣ್ಣನೇ. ಮದುವೆಯಾಗಿರಲಿಲ್ಲ. ಯಾಕಣ್ಣ ಎಂದು ಯಾರಾದರೂ ಕೇಳಿದರೆ, "ನಾನು ಲಿಫ್ಟಲ್ಲಿ ಹೋದೆ, ಹುಡುಗಿ ಮೆಟ್ಟಿಲಲ್ಲಿ ಹೋಗ್ಬಿಟ್ಲು" ಎನ್ನುತ್ತಿದ್ದ. ಕೇಳಿದವರು ನಗುವಷ್ಟರಲ್ಲಿ ಅವರ ಮಹಡಿ ಬಂದಿರುತ್ತಿತ್ತು. ಅವನ ಮಾತುಗಳೆಲ್ಲ ಹಾಗೇ, ಒಂದು ಮಹಡಿಯಿಂದ ಇನ್ನೊಂದು ಮಹಡಿಯವರೆಗೆ ಸಾಲುವಷ್ಟು.

ತನ್ನವರು ಅಂತ ಇದ್ದವಳು ಅಕ್ಕ ಒಬ್ಬಳು. ತಾಯಿ ಬೇಗ ಹೋಗಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಗಂಡ ತೀರಿಕೊಂಡ ಮೇಲೆ ಅವಳು ಹಿಡಿದದ್ದು ರೋಗಿಗಳನ್ನು ನೋಡಿಕೊಳ್ಳುವ ಕೆಲಸ. ಯಾರದೋ ಮನೆಯಲ್ಲಿ ಉಳಿದು, ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ಬದಲಿಸಿ, ತುತ್ತು ತಿನ್ನಿಸಿ ನೋಡಿಕೊಳ್ಳುವುದು. ಅವರು ಎದ್ದು ಓಡಾಡುವಂತಾದರೂ ಸರಿ, ಕಣ್ಣು ಮುಚ್ಚಿದರೂ ಸರಿ, ಅಕ್ಕನ ಚೀಲ ಇನ್ನೊಂದು ಮನೆಗೆ.

ತನ್ನದು ಅಂತ ಒಂದು ಫೋನನ್ನು ಅವಳು ಇಟ್ಟುಕೊಳ್ಳಲೇ ಇಲ್ಲ. ಕೊಡಿಸುತ್ತೇನೆ ಎಂದರೆ ಬೈಯುತ್ತಿದ್ದಳು. "ಇರೋನು ನೀನೊಬ್ಬ. ಒಬ್ಬನ್ನ ಕರೆಯೋಕೆ ಫೋನ್ ಯಾಕೋ? ಅದಕ್ಕೆ ದಿನಾ ಕರೆಂಟು ಬೇರೆ ಉಣಿಸ್ಬೇಕು. ನಾನು ಉಣಿಸ್ತಿರೋರು ಸಾಕಾಗಿದೆ." ತಮ್ಮನ ನಂಬರು ಅವಳಿಗೆ ಬಾಯಿಪಾಠ. ವಾರಕ್ಕೊಮ್ಮೆ ಆ ಮನೆಯ ಸೊಸೆಯದೋ ಮಗನದೋ ಫೋನು ಕೇಳಿ ಪಡೆದು ಮಾಡುತ್ತಿದ್ದಳು. ಮನೆ ಬದಲಾದ ಹಾಗೆ ಹೊಸ ನಂಬರು ಬರುತ್ತಿತ್ತು. ಬಂದದ್ದನ್ನೆಲ್ಲ ಲಿಫ್ಟಣ್ಣ 'ಅಕ್ಕ' ಎಂದೇ ಬರೆದಿಟ್ಟುಕೊಳ್ಳುತ್ತಿದ್ದ. ಇನ್ನೇನೆಂದು ಬರೆಯುವುದು? ಫೋನು ಯಾರದಾದರೇನು, ಒಳಗಿನ ದನಿ ಅವಳದ್ದು.

ಫೋನು ಬೀಳುವ ಹಿಂದಿನ ದಿನ ಅವಳು ಮಾಡಿದಾಗ ಅವನು ಕೆಳಗಿನ ಮಹಡಿಯಲ್ಲಿದ್ದ. ಲಿಫ್ಟು ಮೇಲೇರಿದರೆ ಸಿಗ್ನಲ್ ಹೋಗುತ್ತದೆ, ಕೆಳಗೆ ನಿಂತೇ ಮಾತಾಡಬೇಕು. ಹಿಂದೆ ಮೂರನೇ ಮಹಡಿಯ ವಕೀಲರು ಕಡತ ಹಿಡಿದು ಚಡಪಡಿಸುತ್ತಿದ್ದರು.

"ಕೈ ನಡುಗೋಕೆ ಶುರುವಾಗಿದೆ ಕಣೋ," ಎಂದಳು ಅಕ್ಕ. "ನಿನ್ನೆ ಲೋಟದ ನೀರೆಲ್ಲ ಆ ಯಜಮಾನ್ರ ಎದೆ ಮೇಲೆ. ಪಾಪ, ಸ್ನಾನ ಆಯ್ತು ಬಿಡಮ್ಮ ಅಂದ್ರು. ಇನ್ನು ಈ ಕೆಲಸ ನಡಿಯಲ್ಲ. ನಾನು... ನಿನ್ನ ಹತ್ರ ಬಂದ್ಬಿಡ್ಲಾ?"

ಲಿಫ್ಟಣ್ಣನಿಗೆ ತಕ್ಷಣ ಮಾತು ಹೊರಡಲಿಲ್ಲ. ಬೇಡ ಎಂದಲ್ಲ. ಅವನ ಕೋಣೆಯಲ್ಲಿದ್ದದ್ದು ಒಂದು ಮಂಚ, ಒಂದು ಕುರ್ಚಿ, ಒಂದು ತಟ್ಟೆ. ಎಲ್ಲಿ ಮಲಗಿಸುವುದು, ಏನು ಹಾಸುವುದು ಎಂದು ತಲೆ ಓಡತೊಡಗಿತ್ತು.

"ಅಣ್ಣ, ನಾಳೆ ಮಾತಾಡು, ಇವತ್ತು ನನ್ನನ್ನ ಮೇಲಕ್ಕೆ ಬಿಡು," ಎಂದರು ವಕೀಲರು.

"ಆಮೇಲೆ ಹೇಳ್ತೀನಿ ಅಕ್ಕ," ಎಂದು ಅವನು ಬಾಗಿಲು ಎಳೆದ.

"ಯೋಚನೆ ಮಾಡಿ ಹೇಳು. ನಾನೇ ಮಾಡ್ತೀ..." ಅಷ್ಟರಲ್ಲಿ ಲಿಫ್ಟು ಮೇಲೇರಿ ದನಿ ಕತ್ತರಿಸಿತು.

ಅಂದು ಸಂಜೆ ಅವನು ಮಂಚವನ್ನು ಗೋಡೆಗೆ ಒತ್ತಿ ನೋಡಿದ. ಇನ್ನೊಂದು ಹಾಸಿಗೆಗೆ ಜಾಗ ಬಂತು. ಬೆಳಿಗ್ಗೆ ತಾನೇ ಆ ನಂಬರಿಗೆ ಮಾಡಿ 'ಬಾ' ಎಂದು ಹೇಳಿಬಿಡುವುದೆಂದು ಕಟ್ಟಡಕ್ಕೆ ಬಂದು, ಜೇಬಿನಿಂದ ಫೋನು ತೆಗೆದ. ಹಿಂದಿನಿಂದ ಯಾರದೋ ಚೀಲ ಮೊಣಕೈಗೆ ತಾಗಿತು. ಫೋನು ಸಂದಿಯಲ್ಲಿ ನುಸುಳಿತು. ಕೆಳಗೆ ಎಲ್ಲೋ ಟಪ್ ಎಂದಿತು.

ಲಿಫ್ಟಿನ ಗುಂಡಿಯೊಳಗೆ ಯಾರೂ ಇಳಿಯುವ ಹಾಗಿಲ್ಲ. ಕಂಪನಿಯ ಮೆಕ್ಯಾನಿಕ್ಕೇ ಬಂದು ಕರೆಂಟು ತೆಗೆದು, ತಳದ ಬಾಗಿಲು ಬಿಚ್ಚಬೇಕು. ಮ್ಯಾನೇಜರು ಕೈ ಚೆಲ್ಲಿದರು. "ಫೋನ್ ಬಿತ್ತು ಅಂತ ಕರೆದ್ರೆ ಅವರು ಬರಲ್ಲ ಮಾರಾಯ. ನೀನೇ ಬಿದ್ದಿದ್ರೆ ಬರ್ತಿದ್ರು."

ಮಧ್ಯಾಹ್ನ ಗುಂಡಿಯೊಳಗಿಂದ ಫೋನು ಬಡಿದುಕೊಳ್ಳತೊಡಗಿತು.

ಲಿಫ್ಟಣ್ಣ ಜಾಲರಿಯ ಬಳಿ ಮಂಡಿಯೂರಿ ಕೂತ. ಕತ್ತಲಲ್ಲಿ ಏನೂ ಕಾಣಲಿಲ್ಲ, ಗಂಟೆ ಮಾತ್ರ ಸ್ಪಷ್ಟ. ನಿಂತಿತು. ಮತ್ತೆ ಶುರುವಾಯಿತು. "ಅಕ್ಕಾ," ಎಂದು ಅವನು ಸಂದಿಗೆ ಬಾಯಿಟ್ಟು ಕೂಗಿದ, ಬುದ್ಧಿ ಇದ್ದವರು ಮಾಡುವ ಕೆಲಸವೇ ಅದು? ಮೇಲಿನಿಂದ ಯಾರೋ ಬಟನ್ ಒತ್ತಿ ಕರೆಯುತ್ತಿದ್ದರು. ಎದ್ದು, ಮಂಡಿಯ ಧೂಳು ಕೊಡವಿ, ಲಿಫ್ಟು ಏರಿಸಿದ. ಇಳಿದು ಬಂದಾಗ ಫೋನಿನ ಗಂಟೆ ನಿಂತಿತ್ತು. ಮತ್ತೆ ಅದು ಬಾರಿಸಲಿಲ್ಲ.

ತಿಂಗಳ ತಪಾಸಣೆಗೆ ಮೆಕ್ಯಾನಿಕ್ ಬರುವ ಹೊತ್ತಿಗೆ ವಾರ ಕಳೆದಿತ್ತು. ಗುಂಡಿಯ ತಳದಲ್ಲಿ ನೀರು ಜಿನುಗುತ್ತಿದ್ದದ್ದು ಆಗಲೇ ಗೊತ್ತಾದದ್ದು. ಎಣ್ಣೆಯೂ ಕೆಸರೂ ಮೆತ್ತಿಕೊಂಡ ಫೋನನ್ನು ಅವನು ಎರಡು ಬೆರಳಲ್ಲಿ ಎತ್ತಿ ಕೊಟ್ಟ, ಸತ್ತ ಇಲಿಯನ್ನು ಕೊಟ್ಟ ಹಾಗೆ.

ಎದುರು ಬೀದಿಯಲ್ಲಿ ಫೋನು ರಿಪೇರಿ ಮಾಡುವ ಹೆಂಗಸಿಗೆ ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮುಖ ಎತ್ತಿದಳು.

"ನಂಬರೆಲ್ಲ ಸಿಮ್ಮಲ್ಲಿದೆಯಾ, ಫೋನಲ್ಲಿದೆಯಾ?"

"ಅದು ನನಗೇನು ಗೊತ್ತು ತಾಯಿ. ಒಳಗಿದೆ."

"ಅಕೌಂಟ್ ಏನಾದ್ರೂ ಮಾಡ್ಕೊಂಡಿದೀರಾ? ಅದರಲ್ಲಿ ಉಳಿದಿರುತ್ತೆ."

"ಬ್ಯಾಂಕಲ್ಲಿ ಒಂದಿದೆ."

ಅವಳು ನಗಲಿಲ್ಲ, ಒಳ್ಳೆಯವಳು. ಫೋನು ಬಿಚ್ಚಿ, ತೊಳೆದು, ಒಣಗಿಸಿ, ಬೇರೆ ಯಾವುದೋ ಪರದೆ ತಗುಲಿಸಿ ನೋಡುತ್ತೇನೆಂದು ಮಾರನೆಯ ದಿನ ಬರಹೇಳಿದಳು. ಹೋದಾಗ ಹಳೆಯ ಫೋನು ತಣ್ಣಗೆ ಮಲಗಿತ್ತು, ಪಕ್ಕದಲ್ಲಿ ಅವನ ಸಿಮ್ ಹಾಕಿದ ಒಂದು ಸೆಕೆಂಡ್ ಹ್ಯಾಂಡ್ ಫೋನು ಬೆಳಗುತ್ತಿತ್ತು.

"ಒಂದೇ ಒಂದು ಸಲ ಉಸಿರಾಡ್ತು ಅಣ್ಣ. ಅಷ್ಟರಲ್ಲಿ ಹೆಸರು ನಂಬರು ಎಲ್ಲಾ ಒಂದು ಫೈಲ್ ಮಾಡಿ ಇದಕ್ಕೆ ದಾಟಿಸ್ಬಿಟ್ಟೆ. ಆಮೇಲೆ ಅದು ಏಳಲೇ ಇಲ್ಲ." ಅವಳಿಗೆ ತನ್ನ ಕೆಲಸದ ಮೇಲೆ ಹೆಮ್ಮೆಯಿತ್ತು, ಇರಬೇಕಾದದ್ದೇ. "ನೋಡಿ, ಎಷ್ಟು ಚೊಕ್ಕ ಮಾಡಿದೀನಿ. ಒಂದೇ ಹೆಸರು ಸಾಲಾಗಿ ಬಿದ್ದಿತ್ತು, ಅಕ್ಕ, ಅಕ್ಕ, ಅಕ್ಕ ಅಂತ. ತಪ್ಪಿ ಮತ್ತೆ ಮತ್ತೆ ಬರೆದಿದೀರಿ ಅನ್ಕೊಂಡು ಎಲ್ಲಾ ಒಂದು ಮಾಡ್ಬಿಟ್ಟೆ."

ಲಿಫ್ಟಣ್ಣ ನೋಡಿದ. ಒಂದೇ ಅಕ್ಕ. ಅವಳ ಕೆಳಗೆ ನಂಬರುಗಳು ಒಂದರ ಮೇಲೊಂದು ಪೇರಿಸಿಕೊಂಡು ಕೂತಿದ್ದವು.

"ಇದರಲ್ಲಿ ಕೊನೇದು ಯಾವ್ದು?"

"ಹಾಗೆ ಗೊತ್ತಾಗಲ್ಲ ಅಣ್ಣ. ಹೆಸರು ದಾಟುತ್ತೆ, ನಂಬರು ದಾಟುತ್ತೆ. ಯಾರು ಯಾವಾಗ ಮಾಡಿದ್ರು ಅನ್ನೋದು ಹಳೇ ಫೋನಲ್ಲೇ ಹೋಯ್ತು." ಆಮೇಲೆ ಅವನ ಮುಖ ನೋಡಿ, "ಯಾಕೆ, ನಿಮಗೆ ಎಷ್ಟು ಜನ ಅಕ್ಕಂದಿರು?"

"ಒಬ್ಬಳೇ," ಎಂದ.

ಕೋಣೆಗೆ ಬಂದು ಕುರ್ಚಿಯ ಮೇಲೆ ಕೂತು ಮೇಲಿನಿಂದ ಶುರು ಮಾಡಿದ. ಮೊದಲನೆಯದಕ್ಕೆ ಒಬ್ಬ ಗಂಡಸು ಸಿಕ್ಕ, ಹಿಂದೆ ಹೊಲಿಗೆ ಯಂತ್ರಗಳ ಗಿರಗಿರ. "ಯಾವ ಅಕ್ಕ ಬೇಕು ಸ್ವಾಮಿ? ಇಲ್ಲಿ ನಾನೊಬ್ಬ ಬಿಟ್ರೆ ಎಲ್ಲಾ ಅಕ್ಕಂದಿರೇ." ನಂಬರು ಕೈ ಬದಲಾಗಿತ್ತು.

ಎರಡನೆಯದರಲ್ಲಿ ಒಬ್ಬ ಗೃಹಿಣಿ. "ಓ, ನಮ್ಮ ಆಯಾನಾ! ಮಾವನ್ನ ನೋಡ್ಕೊಂಡಿದ್ರಲ್ಲ! ಮಾವ ಹೋಗೇ ಎಷ್ಟೋ ವರ್ಷ ಆಯ್ತು." ತುಸು ತಡೆದು, "ನೀವು ಆ ತಮ್ಮನಾ? ದೊಡ್ಡ ಕೆಲಸದಲ್ಲಿದಾನೆ, ಇಡೀ ಕಟ್ಟಡ ಅವನ ಕೈಯಲ್ಲೇ ಮೇಲೆ ಕೆಳಗೆ ಆಗೋದು ಅಂತಿದ್ರು. ನಾವು ಇಂಜಿನಿಯರ್ ಅನ್ಕೊಂಡಿದ್ವಿ."

ಆಮೇಲಿನ ನಂಬರು ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ಬಸ್ ಡ್ರೈವರನದು. ಅವನು ಅಕ್ಕನನ್ನು 'ಶಿಳ್ಳೆಯಮ್ಮ' ಎಂದ. "ಕಾಲು ಮಡಚು ಅಂದಾಗ ನೋವು ಅಂತ ನಾನು ಕಿರುಚಿದ್ರೆ ಅವರು ಶಿಳ್ಳೆ ಹಾಕೋರು. ಅದೇನು ಶಿಳ್ಳೆ ಅಂತೀರಿ! ಬೀದಿಯವರು ಹಿಂತಿರುಗಿ ನೋಡ್ಬೇಕು. ನಗು ಬಂದು ಕಾಲು ಮಡಚಿಬಿಡ್ತಿದ್ದೆ. ಎಲ್ಲಿದಾರೆ ಈಗ?"

"ಅದನ್ನೇ ಕೇಳೋಣ ಅಂತ ಮಾಡಿದೆ."

ಫೋನು ಇಟ್ಟ ಮೇಲೂ ಅವನು ಹಾಗೇ ಕೂತಿದ್ದ. ಅಕ್ಕ ಶಿಳ್ಳೆ ಹಾಕುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಸೊಂಟದ ಮೇಲೆ ಬೆಳೆದವನಿಗೆ ಗೊತ್ತಿರದದ್ದು, ಯಾರೋ ಕಾಲು ಮುರಿದುಕೊಂಡವನಿಗೆ ಗೊತ್ತು. ಒಂದೊಂದು ನಂಬರಿನಲ್ಲೂ ಅವಳ ಒಂದೊಂದು ಮನೆ, ಒಂದೊಂದು ಹೆಸರು. ಅಲ್ಲೆಲ್ಲ ಅವಳು ಇದ್ದಳು, ಈಗ ಇಲ್ಲ. ಸಿಕ್ಕವರಿಗೆಲ್ಲ ಅವನು ಒಂದೇ ಮಾತು ಹೇಳಿದ: "ಅವಳು ಎಲ್ಲಾದ್ರೂ ಸಿಕ್ಕರೆ, ತಮ್ಮ ಬಾ ಅಂದ ಅಂತ ಹೇಳ್ತೀರಾ?"

ಬೇಕಾದ ಮನೆ ಸಿಕ್ಕಿದ್ದು ಕೆಳಗಿನ ಸಾಲುಗಳಲ್ಲಿ. ಎದೆ ಮೇಲೆ ನೀರು ಚೆಲ್ಲಿಸಿಕೊಂಡ ಯಜಮಾನರ ಸೊಸೆ ಎತ್ತಿದಳು.

"ಅವರು ಕೆಲಸ ಬಿಟ್ಟು ಹೋಗಿ ಆಯ್ತಲ್ಲ," ಎಂದಳು. ದನಿಯಲ್ಲಿ ಸ್ವಲ್ಪ ಮುನಿಸು. "ಹೋಗೋ ಮುಂಚೆ ನಿಮಗೆ ಮಾಡಿದ್ರು. ನಾನೇ ಒತ್ತಿಕೊಟ್ಟಿದ್ದು. ರಿಂಗ್ ಆಯ್ತು, ನೀವು ಎತ್ತಲಿಲ್ಲ. ಮತ್ತೆ ಮಾಡಿದ್ರು. ಆಗಲೂ ಎತ್ತಲಿಲ್ಲ."

"ಫೋನು ಗುಂಡಿಯಲ್ಲಿ..."

"ಇನ್ನೊಂದು ಸಲ ನೋಡಿ ಅಂದೆ. ಬೇಡಮ್ಮ ಅಂದ್ರು. ಅವನಿಗೆ ಇಲ್ಲ ಅನ್ನೋಕೆ ಬರಲ್ಲ, ಚಿಕ್ಕಂದಿನಿಂದ ಹಾಗೇ, ಬೇಡದ್ದಾದ್ರೆ ಸುಮ್ಮನಿದ್ದುಬಿಡ್ತಾನೆ ಅಂದ್ರು. ನಕ್ಕೊಂಡೇ ಅಂದ್ರು."

ಅಕ್ಕ ಹೇಳಿದ್ದು ನಿಜವೇ ಆಗಿತ್ತು. ಚಿಕ್ಕಂದಿನಲ್ಲಿ ಅವನು ಹಾಗೇ ಇದ್ದ.

ಅಕ್ಕ ಎಲ್ಲಿಗೆ ಹೋದಳೆಂದು ಸೊಸೆಗೆ ಗೊತ್ತಿರಲಿಲ್ಲ. ಯಜಮಾನರಿಗೆ ಇಂಜೆಕ್ಷನ್ ಕೊಡಲು ಬರುವ ನರ್ಸು ಯಾವುದೋ ಮನೆ ಗೊತ್ತು ಮಾಡಿಕೊಟ್ಟಿದ್ದಳಂತೆ. ಅವಳು ಬಂದಾಗ ಹೇಳಿ ಮಾಡಿಸುತ್ತೇನೆ ಎಂದಳು. ಕೊನೆಗೆ ದನಿ ಮೆತ್ತಗಾಗಿತ್ತು. "ನಿಜವಾಗ್ಲೂ ಗುಂಡಿಗೆ ಬಿದ್ದಿತ್ತಾ?"

"ನಿಜವಾಗ್ಲೂ."

ಅಂದಿನಿಂದ ಲಿಫ್ಟು ಕೆಳಗೇ ನಿಲ್ಲತೊಡಗಿತು. ಮೇಲಿನಿಂದ ಕರೆದರೆ ಹೋಗುತ್ತಿದ್ದ, ಇಲ್ಲವೆಂದಲ್ಲ. ಆದರೆ ಪ್ರತಿ ಸಲವೂ ಒಂದು ಕಾಲು ಹೊರಗಿಟ್ಟು, ಸಿಗ್ನಲ್ಲಿನ ಗೀಟುಗಳನ್ನು ನೋಡಿ, ಒಲ್ಲದ ಮನಸ್ಸಿನಿಂದ ಬಾಗಿಲು ಎಳೆಯುತ್ತಿದ್ದ. ಜನ ಮೆಟ್ಟಿಲು ಹಿಡಿದರು. "ಏನಣ್ಣ, ಹುಡುಗಿನ ಕಾಯ್ತಿದೀಯಾ?" ಎಂದು ವಕೀಲರು ಏದುಸಿರು ಬಿಡುತ್ತಲೇ ಕೆಣಕಿದರು. ಮ್ಯಾನೇಜರು ಬಂದು, "ಇದನ್ನ ಲಿಫ್ಟ್ ಅಂತಾರೆ, ಬಸ್‌ಸ್ಟಾಪ್ ಅಂತಲ್ಲ," ಎಂದು ಗದರಿ ಹೋದರು.

ಒಂದು ಮಧ್ಯಾಹ್ನ ಹೆಸರಿಲ್ಲದ ನಂಬರೊಂದು ಬಂತು. ಎತ್ತಿದ. ಆ ಕಡೆ ಒಬ್ಬ ಹುಡುಗಿಯ ದನಿ, ಯಾರಿಗೋ ಹೇಳುತ್ತಿದ್ದಳು: "ತಗೊಳ್ಳಿ ಅಜ್ಜಿ, ನಿಮ್ಮ ತಮ್ಮನಂತೆ. ನರ್ಸಮ್ಮ ನಂಬರ್ ಕೊಟ್ರು." ದೂರದಿಂದ ಇನ್ನೊಂದು ದನಿ: "ಅವನ ಯೋಚನೆ ಮುಗೀತಂತಾ?"

"ಅಕ್ಕಾ!" ಎಂದ ಲಿಫ್ಟಣ್ಣ. ಮೆಟ್ಟಿಲಿನಲ್ಲಿದ್ದವರು ತಿರುಗಿ ನೋಡಿದರು. "ಫೋನು ಗುಂಡಿಗೆ ಬಿದ್ದಿತ್ತು ಅಕ್ಕ. ಲಿಫ್ಟಿನ ಕೆಳಗೆ. ನೀನು ಮಾಡಿದ್ದು ಕೇಳಿಸ್ತು, ಎತ್ತೋಕಾಗಲಿಲ್ಲ."

"ನೀನು ಬೀಳಲಿಲ್ವಲ್ಲ?"

"ಇಲ್ಲ."

"ಹಾಗಾದ್ರೆ ಸರಿ."

"ಬಾ ಅಕ್ಕ. ಮಂಚ ಸರಿಸಿದೀನಿ. ಇನ್ನೊಂದು ತಟ್ಟೆ ತಂದಿದೀನಿ. ಬಂದ್ಬಿಡು."

ಅಕ್ಕ ದನಿ ತಗ್ಗಿಸಿದಳು. "ಇಲ್ಲೊಬ್ಬ ಮುದುಕಮ್ಮ ಇದಾರೆ ಕಣೋ. ಕಣ್ಣು ಪೂರ್ತಿ ಹೋಗಿದೆ. ಎತ್ತೋದು ಇಳಿಸೋದು ಎಲ್ಲಾ ಈ ಹುಡುಗಿ ಮಾಡ್ತಾಳೆ, ನನಗೆ ಪಕ್ಕದಲ್ಲಿ ಕೈ ಹಿಡ್ಕೊಂಡು ಕೂರೋದಷ್ಟೇ ಕೆಲಸ. ಅವರ ಕೈಯೂ ನಡುಗುತ್ತೆ, ನನ್ನದೂ ನಡುಗುತ್ತೆ. ಯಾರದ್ದು ನಡುಗ್ತಿದೆ ಅಂತ ಇಬ್ಬರಿಗೂ ಗೊತ್ತಾಗಲ್ಲ." ನಕ್ಕಳು. ಆಮೇಲೆ, "ನೀನು ಎತ್ತಲಿಲ್ಲ ಅಂತ... ಬಂದ ದಿನಾನೇ ಅವರಿಗೆ ಮಾತು ಕೊಟ್ಬಿಟ್ಟೆ. ನೀವಿರೋವರೆಗೂ ಎಲ್ಲೂ ಹೋಗಲ್ಲ ಅಂತ. ಆವತ್ತಿಂದ ನಿದ್ದೆ ಮಾಡ್ತಿದಾರೆ."

ಲಿಫ್ಟಣ್ಣ ಜಾಲರಿ ಬಾಗಿಲನ್ನು ಹಿಡಿದುಕೊಂಡ. "ಹೇಗಿದಾರೆ ಅವರು?"

"ಗಟ್ಟಿಯಾಗಿದಾರೆ."

"ಒಳ್ಳೇದು," ಎಂದ.

"ಹೂಂ. ಒಳ್ಳೇದೇ."

ಮುಂದೆ ಏನು ಆಡಿದರೂ ಆ ಮುದುಕಮ್ಮನ ಸಾವಿಗೆ ಕಾಯುತ್ತೇವೆ ಎಂದು ಆಡಿದ ಹಾಗೆ.

"ತಟ್ಟೆ ಇಟ್ಟಿರು," ಎಂದಳು ಅಕ್ಕ ಕೊನೆಗೆ. "ವಾಪಸ್ ಕೊಟ್ಟುಗಿಟ್ಟೀಯ ಮತ್ತೆ."

"ಅಕ್ಕ, ನಿನಗೆ ಶಿಳ್ಳೆ ಹಾಕೋಕೆ ಬರುತ್ತಾ?"

"ಯಾರೋ ಹೇಳಿದ್ದು?" ಎಂದು ಅವಳು ಕೇಳುವಷ್ಟರಲ್ಲಿ ಒಳಗಿನಿಂದ ಯಾರೋ ಕ್ಷೀಣವಾಗಿ ಕರೆದರು. "ಬಂದೆ ಬಂದೆ, ಇಲ್ಲೇ ಇದೀನಿ," ಎನ್ನುತ್ತ ಅಕ್ಕನ ದನಿ ದೂರವಾಯಿತು. ಅದು ಅವನಿಗೆ ಹೇಳಿದ ಮಾತಲ್ಲ.

ನಂಬರನ್ನು ಉಳಿಸಲು ಹೋದ. 'ಅಕ್ಕ' ಎಂದು ಬರೆದೊಡನೆ ಫೋನು ಕೇಳಿತು: ಈ ಹೆಸರು ಈಗಾಗಲೇ ಇದೆ, ಅದಕ್ಕೇ ಸೇರಿಸಬೇಕೆ? ಅವನು ಹೌದು ಎಂದು ಒತ್ತಿದ. ಹೊಸ ಮನೆ ಹಳೆಯ ಮನೆಗಳ ಕೆಳಗೆ ಹೋಗಿ ಕೂತಿತು.

ಮೇಲಿನಿಂದ ಗಂಟೆ ಬಾರಿಸುತ್ತಿತ್ತು, ಬಹಳ ಹೊತ್ತಿನಿಂದ ಬಾರಿಸುತ್ತಿತ್ತೋ ಏನೋ. ಹೊರಗಿಟ್ಟಿದ್ದ ಕಾಲನ್ನು ಒಳಗೆ ತೆಗೆದುಕೊಂಡು ಬಾಗಿಲು ಎಳೆದ. ಫೋನಿನ ಗೀಟುಗಳು ಒಂದೊಂದಾಗಿ ಆರಿದವು. ಒಂದನೆಯ ಮಹಡಿಗೂ ಎರಡನೆಯದಕ್ಕೂ ನಡುವೆ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡು ಬೆರಳನ್ನು ನಾಲಗೆಯ ಕೆಳಗಿಟ್ಟು ಊದಿ ನೋಡಿದ. ಬರೀ ಗಾಳಿ ಬಂತು. ಬೆರಳನ್ನು ಒರೆಸಿಕೊಂಡು, ಹಿಡಿಯ ಮೇಲೆ ಕೈಯಿಟ್ಟ.