ಧನಿಷ್ಠಕ್ಕೆ ಮುಂಚೆ

ಹೆಣದ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಬಿಗಿಯಾಗಿ ದಾರ ಸುತ್ತುತ್ತಿದ್ದ ಊರಿನ ಹಿರಿಯ ಹುಚ್ಚಣ್ಣ ತಲೆ ಎತ್ತದೆಯೇ ಕೇಳಿದ.

"ಜೀವ ಹೋಗಿದ್ದು ಎಷ್ಟೊತ್ಗೆ ಗಂಗವ್ವ?"

ಗೋಡೆಗೆ ಒರಗಿ ಕೂತಿದ್ದ, ಸತ್ತವನ ಹೆಂಡತಿ ಗಂಗಾಮಣಿಗೆ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ರವಿಚಂದ್ರ ಮೊಬೈಲಿನಿಂದ ಕಣ್ಣು ಕೀಳದೆ ಬಾಯಿ ಹಾಕಿದ. ಸತ್ತ ನಂಜುಂಡನಿಗೆ ಅವನು ತಮ್ಮನ ಮಗ.

"ನಂಗೆ ಫೋನ್ ಬಂದಿದ್ದು ಏಳು ಐವತ್ತಕ್ಕೆ. ಆಗ್ಲೇ ಪಂಚಾಂಗ ನೋಡ್ದೆ ತಾತ. ಏಳು ಹನ್ನೆರಡಕ್ಕೆ ಶ್ರವಣ ಮುಗ್ದು ಧನಿಷ್ಠ ಹತ್ತೈತೆ. ಧನಿಷ್ಠದಲ್ಲಿ ಹೋದ್ರೆ ಆರು ತಿಂಗ್ಳು ಮನೆ ಬಿಡ್ಬೇಕು ಅಲ್ವಾ?"

"ಬಿಡ್ಲೇಬೇಕು ಕಣಪ್ಪ. ಕಾರ್ಯ ಮುಗಿದ್ಮೇಲೆ ಬಾಗ್ಲಿಗೆ ಮುಳ್ಳು ಬಡಿದು ಹೊರಡೋದೇಯ. ಒಳಗೆ ಒಲೆ ಹತ್ಸಂಗಿಲ್ಲ, ದೀಪ ಹಚ್ಚಂಗಿಲ್ಲ."

ಗಂಗಾಮಣಿ ಬಾಯಿ ಮುಚ್ಚಿಕೊಂಡಳು.

ಮಾರನಹಳ್ಳಿಯಲ್ಲಿ ಹೈವೇಗೆ ಮುಖ ಮಾಡಿ ಕೂತ ಎರಡು ಕೋಣೆಯ ಮನೆ ಅದು. ಹಿಂಬಾಗಿಲು ತೆಗೆದರೆ ಮಾತ್ರ ಇಡೀ ಕಣಿವೆ ಕಾಣುತ್ತದೆ. ಆ ಹಿಂಬಾಗಿಲ ಮೇಲೆ ರೆಸಾರ್ಟಿನವರ ಕಣ್ಣು ಬಿದ್ದು ನಾಲ್ಕು ವರ್ಷವಾಗಿತ್ತು. ಜಾಗ ಅಣ್ಣತಮ್ಮಂದಿರ ಜಂಟಿಯಲ್ಲಿತ್ತು. ತಮ್ಮ ತೀರಿಕೊಂಡ ಮೇಲೆ ಆ ಪಾಲಿಗೆ ರವಿಚಂದ್ರನೇ ವಾರಸುದಾರ. ಕಾಫಿಗೆ, ಮೆಣಸಿಗೆ ಕಂಡುಕೇಳರಿಯದ ರೇಟು ಬಂದಮೇಲೆ ಸುತ್ತಮುತ್ತ ಎಲ್ಲರಿಗೂ ಒಂದು ಥರದ ಅವಸರ ಹತ್ತಿಕೊಂಡಿತ್ತು, ಅವನಿಗೆ ತುಸು ಹೆಚ್ಚಾಗಿಯೇ ಹತ್ತಿತ್ತು. ವರ್ಷಕ್ಕೊಮ್ಮೆ ಬಂದು, "ದೊಡ್ಡಪ್ಪ, ರಿಜಿಸ್ಟ್ರಿಗೆ ಒಂದು ಒಳ್ಳೆ ದಿನ ನೋಡು" ಅನ್ನುತ್ತಿದ್ದ. ನಂಜುಂಡ ಕನ್ನಡಕ ಏರಿಸಿ, ಬೆರಳು ಮಡಿಸಿ ಬಿಚ್ಚಿ, "ಗುರುಬಲ ಇಲ್ಲ ಕಣೋ, ಬರೋ ವರ್ಷ ನೋಡಾನ" ಅನ್ನುತ್ತಿದ್ದ. ಊರಿನ ಮದುವೆ, ಗೃಹಪ್ರವೇಶಗಳಿಗೆಲ್ಲ ಧಾರಾಳವಾಗಿ ಸಿಗುತ್ತಿದ್ದ ಒಳ್ಳೆ ಗಳಿಗೆ ಆ ಮನೆ ಮಾರಲು ಮಾತ್ರ ನಾಲ್ಕು ವರ್ಷವೂ ಹುಟ್ಟಲೇ ಇಲ್ಲ.

ಈಗ ದೊಡ್ಡಪ್ಪ ಮಲಗಿದ್ದ, ನಕ್ಷತ್ರ ತಾನಾಗಿ ಒಲಿದು ಬಂದಿತ್ತು. ರವಿಚಂದ್ರ ಕೆಟ್ಟವನೇನಲ್ಲ. ಬೆಳಿಗ್ಗೆ ಬಂದವನು ದೊಡ್ಡಪ್ಪನ ಕಾಲು ಹಿಡಿದು ನಿಜವಾಗಿಯೇ ಅತ್ತಿದ್ದ. ಸೌದೆಯಿಂದ ಹೂವಿನವರೆಗೆ ಎಲ್ಲ ತರಿಸಿದ್ದೂ ಅವನೇ. ಆದರೆ ಆರು ತಿಂಗಳು ಆಲೂರಿನ ತಂಗಿ ಮನೆಯಲ್ಲಿ ಇದ್ದು ಬರುವಷ್ಟರಲ್ಲಿ ಇಲ್ಲಿ ಜೆಸಿಬಿ ಬಂದುಹೋಗಿರುತ್ತದೆ ಎನ್ನುವುದು ಗಂಗಾಮಣಿಗೆ ಚೆನ್ನಾಗಿ ಗೊತ್ತಿತ್ತು. ಗಂಡನನ್ನು ಕಳೆದುಕೊಂಡ ದಿನವೇ ಅವನು ಓಡಾಡಿದ ನೆಲವನ್ನೂ ಕಳೆದುಕೊಳ್ಳಬೇಕೆ?

* * *

ನಂಜುಂಡ ಹುಟ್ಟಾ ಜೋಯಿಸನಲ್ಲ, ಎಸ್ಟೇಟಿನ ರೈಟರ್. ಮೂವತ್ತೈದು ವರ್ಷ ಆಳುಗಳ ಹಾಜರಿ ಬರೆದವನು, ಪಂಚಾಂಗ ಓದುವುದನ್ನು ತಾನಾಗಿ ಕಲಿತಿದ್ದ. ಕಾಫಿ ರೇಟು ನೆಲ ಕಚ್ಚಿದ ವರ್ಷಗಳಲ್ಲಿ ಅವನ ಜಗಲಿ ತುಂಬಿತು. ಗಿಡ ಕಿತ್ತು ಶುಂಠಿ ಹಾಕಲೋ, ತೋಟವನ್ನೇ ಕೊಟ್ಟುಬಿಡಲೋ ಎಂದು ಬಂದವರೆಲ್ಲ ಮಾಸಿದ ಜಾತಕ ಹಿಡಿದು ಕೂರುತ್ತಿದ್ದರು. ಆನೇಮಹಲಿನ ಶಫಿಯೂ ಹಾಗೇ ಬಂದ. ಕಾಫಿ, ಮೆಣಸು ಕೊಂಡು ಸಾಗಿಸುವ ವ್ಯಾಪಾರಿ. ಅವತ್ತು ಇದ್ದೊಂದು ಲಾರಿಯನ್ನೂ ಮಾರಲು ಹೊರಟಿದ್ದ.

"ನಮ್ಮಲ್ಲಿ ಜಾತಕ ಗೀತಕ ಬರೆಸಲ್ಲ ರೈಟ್ರೇ. ನಂಬೋದೂ ಇಲ್ಲ. ಸುಮ್ನೆ ದಾರೀಲಿ ಲೈಟು ಕಾಣ್ತು, ಬಂದೆ."

"ಬಂದ್ಯಲ್ಲ, ಕೂತ್ಕೋ. ಯಾವ ಮಳೇಲಿ ಹುಟ್ಟಿದ್ದು ಅಂತ ನಿಮ್ಮಮ್ಮ ಏನಾದ್ರೂ ಹೇಳಿದ್ರಾ?"

"ಆರಿದ್ರ ಮಳೇಲಿ ಅಂತಿದ್ರು. ಮನೆ ಒಳಗೆಲ್ಲ ನೀರು ಬಂದಿತ್ತಂತೆ."

ನಂಜುಂಡ ಅಷ್ಟರಿಂದಲೇ ಏನೇನೋ ಗುಣಿಸಿ, "ಹದಿನೆಂಟು ತಿಂಗ್ಳು ತಡಿ ಮಾರಾಯ, ಲಾರಿ ಮಾರ್ಬೇಡ" ಅಂದ. ಶಫಿ ನಕ್ಕುಬಿಟ್ಟ. ಲಾರಿ ಮಾತ್ರ ಮಾರಲಿಲ್ಲ.

ಒಳಗೆ ಕಾಫಿ ಸೋಸುತ್ತಿದ್ದ ಗಂಗಾಮಣಿ ಆ ವಾರದಲ್ಲಿ ಹದಿನೆಂಟು ತಿಂಗಳು ಎನ್ನುವ ಮಾತನ್ನು ಕೇಳಿದ್ದು ಅದು ಆರನೆಯ ಸಲ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ಅಲ್ರೀ, ಎಲ್ರಿಗೂ ಅದೇ ಹದಿನೆಂಟು ತಿಂಗ್ಳೇನ್ರಿ?"

"ಹುಟ್ಟಿದ ಗಂಟೆ ಯಾರೂ ಸರಿಯಾಗಿ ತರಲ್ಲ ಕಣೇ. ಹೆಂಗೂ ತಪ್ಪೇ ತಂದಿರ್ತಾರೆ. ಅದನ್ನೇ ಇನ್ನೊಂದು ಚೂರು ಆಕಡೆ ತಳ್ಳಿದ್ರೆ ಮನೆಗೋಗಿ ಊಟ ಮಾಡಿ ಮಲಗ್ತಾರೆ."

"ನಂಗೂ ಒಂದು ತಳ್ಳಿ ಹೇಳಿ ಮತ್ತೆ."

"ಮನೆಯೋರದ್ದು ನೋಡ್ಬಾರ್ದು" ಅಂದು ಅವನು ಮಜ್ಜಿಗೆಗೆ ಕೈ ಚಾಚಿದ.

ಅಷ್ಟೇ. ಊರಿಗೆಲ್ಲ ಮಾತು ಹಂಚಿ ಒಳಗೆ ಬರುವಷ್ಟರಲ್ಲಿ ಅವನ ಹತ್ತಿರ ಮಾತು ಮುಗಿದಿರುತ್ತಿತ್ತು. ಮಕ್ಕಳಿಲ್ಲದ ಮನೆ, ಇಬ್ಬರೇ ಇದ್ದರು, ಆದರೂ ಅವನು ಅವಳೊಬ್ಬಳಿಗೇ ಅಂತ ಸಿಕ್ಕಿದ್ದು ಕಡಿಮೆ. ರಿಟೈರ್ ಆಗಲಿ ಅಂತ ಅವಳು ಕಾದಳು. ರಿಟೈರ್ ಆದಮೇಲೆ ಬೆಳಿಗ್ಗೆಯೂ ಜನ ಬರತೊಡಗಿದರು. ಹೋಗಲಿ, ಮುದುಕರಾದಾಗ ಕೂತು ಮಾತಾಡಿದರಾಯಿತು ಅಂದುಕೊಂಡಳು. ಯಾವಾಗ ಮುದುಕರಾದರೆಂದು ಇಬ್ಬರಿಗೂ ತಿಳಿಯಲಿಲ್ಲ.

* * *

ಇವತ್ತು ಬೆಳಿಗ್ಗೆ ನಿಜವಾಗಿ ನಡೆದದ್ದು ಇಷ್ಟು. ವಾರದಿಂದ ಕೆಮ್ಮಿ ಕೆಮ್ಮಿ ಹಣ್ಣಾಗಿದ್ದ ನಂಜುಂಡ ಏಳೂವರೆಗೆ ಎದ್ದು ಕೂತು ಎರಡು ಗುಟುಕು ಬಿಸಿನೀರು ಕುಡಿದ. ಗಂಗಾಮಣಿ ದೊಡ್ಡಪತ್ರೆ ಎಲೆ ಕೀಳಲು ಹಿತ್ತಿಲಿಗೆ ಹೋದಳು. ಕೆಳಗೆ ಕಣಿವೆಯಲ್ಲಿ ಎಡಕುಮೇರಿ ಕಡೆಯಿಂದ ರೈಲು ಏದುಸಿರು ಬಿಡುತ್ತ ಹತ್ತಿ ಬರುತ್ತಿತ್ತು. ಅದು ಮರೆಯಾಗುವ ತನಕ ಎಲೆಗಳನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು, ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಮುಂಬಾಗಿಲಲ್ಲಿ ಶಫಿಯ ಪಿಕಪ್ಪು ನಿಂತ ಸದ್ದಾಯಿತು. ರೈಟ್ರು ಮಲಗಿದಾಗಿನಿಂದ ಅವನು ದಿನಾ ಬಂದು ನೋಡಿಕೊಂಡೇ ಮುಂದೆ ಹೋಗುತ್ತಿದ್ದ. ಅವಳು ಹಿಂದಿನಿಂದ, ಅವನು ಮುಂದಿನಿಂದ ಒಟ್ಟಿಗೇ ಒಳಗೆ ಬಂದರು. ನಂಜುಂಡ ಗೋಡೆಗೆ ವಾಲಿಕೊಂಡು ಹೋಗಿಬಿಟ್ಟಿದ್ದ. ಮೈ ಇನ್ನೂ ಬಿಸಿಯಿತ್ತು. ತೆರೆದಿದ್ದ ಅವನ ಕಣ್ಣನ್ನು ಮುಚ್ಚಿಸಿದ್ದು ಶಫಿ.

ಕೊನೇ ಗಳಿಗೆಯಲ್ಲೂ ಗಂಡನ ಪಕ್ಕದಲ್ಲಿ ತಾನಿರಲಿಲ್ಲ. ಅದೊಂದು ಅವಳ ಎದೆಯನ್ನು ಕಿತ್ತು ತಿನ್ನುತ್ತಿತ್ತು.

* * *

"ಗಂಗವ್ವ, ನಿನ್ನೇ ಕೇಳ್ತಿರೋದು. ಎಷ್ಟೊತ್ಗೆ?"

"ಆರೂವರೆಗೆ ಮಾವ" ಅಂದಳು ಗಂಗಾಮಣಿ.

ಮಾತು ಹೊರಗೆ ಬಿದ್ದ ಮೇಲೆ ಅವಳಿಗೇ ದಿಗಿಲಾಯಿತು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. ರವಿಚಂದ್ರ ಮೊಬೈಲು ಕೆಳಗಿಳಿಸಿದ.

"ಆರೂವರೆಗಾ? ಮತ್ತೆ ಏಳು ಐವತ್ರ ತನ್ಕ ಯಾರ್ಗೂ ಹೇಳ್ದೆ ಏನ್ ಮಾಡ್ತಿದ್ದೆ ದೊಡ್ಡಮ್ಮ?"

ಹೆಂಗಸರೆಲ್ಲ ಅವಳ ಕಡೆಗೇ ತಿರುಗಿದ್ದರು.

"ಕೂತಿದ್ದೆ."

"ಅಂದ್ರೆ?"

"ಪಕ್ಕದಲ್ಲಿ ಕೂತಿದ್ದೆ ಕಣಪ್ಪ. ಕೈ ಹಿಡ್ಕಂಡಿದ್ದೆ. ಹೇಳಿದ್ರೆ ನೀವೆಲ್ಲ ಬಂದ್ಬುಡ್ತೀರ. ನಲವತ್ತೊಂದು ವರ್ಷ ಈ ಮನುಷ್ಯ ನಂಗೆ ಒಬ್ಳಿಗೇ ಅಂತ ಸಿಕ್ಕಿದ್ದೇ ಇಲ್ಲ. ಒಂದು ಗಳಿಗೆ ನಂಗೂ ಇರ್ಲಿ ಅಂತ ಕೂತಿದ್ದೆ. ಮಾತಾಡಿಸ್ತಿದ್ದೆ." ಅವಳ ದನಿ ಒಡೆಯಿತು. "ಏನೇನೋ ಹೇಳ್ಕಂಡೆ. ಅವ್ರು ಸುಮ್ನೆ ಕೇಳಿಸ್ಕಂಡ್ರು. ಬಾಗ್ಲಲ್ಲಿ ಯಾರೂ ಕರೀಲಿಲ್ಲ."

ಹೇಳುತ್ತ ಹೇಳುತ್ತ ಅದೆಲ್ಲ ಅವಳ ಕಣ್ಣಿಗೇ ಕಂಡಿತು: ಹಿಡಿದ ಕೈ, ಬೆಳಗಿನ ಬಿಸಿಲು, ಇಬ್ಬರೇ. ಹಾಗೆ ಕೂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬೆಳಗಿನಿಂದ ಬಾರದಿದ್ದ ಅಳು ಈಗ ಒತ್ತರಿಸಿಕೊಂಡು ಬಂತು. ಅವಳು ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. ಹೆಂಗಸರೂ ಅತ್ತರು.

ರವಿಚಂದ್ರ ಅಂಗಳದ ಕಡೆ ತಿರುಗಿದ.

"ಶಫಿಯಣ್ಣ, ಮೊದ್ಲು ಬಂದಿದ್ದು ನೀವಲ್ವಾ? ನೀವು ಸುಳ್ಳಾಡೋರಲ್ಲ. ಅದ್ರಲ್ಲೂ ರೋಜಾ ಬೇರೆ. ನೀವು ಬಂದಾಗ ದೊಡ್ಡಪ್ಪ ಹೆಂಗಿದ್ರು?"

ಗಂಗಾಮಣಿ ಮುಖದ ಮೇಲಿನ ಸೆರಗು ಸರಿಸಿ ಅಂಗಳದ ಕಡೆ ನೋಡಿದಳು.

ಶಫಿ ಒಂದು ಬಿದಿರನ್ನು ಹೆಗಲಿಗೆ ಒರಗಿಸಿಕೊಂಡು ನಿಂತಿದ್ದ. ಅರವತ್ತು ದಾಟಿದ ಮನುಷ್ಯ, ಉಪವಾಸಕ್ಕೆ ತುಟಿ ಒಣಗಿತ್ತು. ಅವನು ಗಂಗಾಮಣಿಯನ್ನು ನೋಡಲಿಲ್ಲ, ರವಿಚಂದ್ರನನ್ನೂ ನೋಡಲಿಲ್ಲ. ಮಲಗಿದ್ದ ರೈಟ್ರನ್ನೇ ನೋಡಿದ. ತೂಕದಲ್ಲಿ ಒಂದು ಹಿಡಿ ಮೆಣಸು ಹೆಚ್ಚುಕಮ್ಮಿ ಮಾಡದವನು ಅಂತ ಘಾಟಿಯುದ್ದಕ್ಕೂ ಅವನಿಗೆ ಹೆಸರು.

"ಮೈ ತಣ್ಣಗಾಗಿತ್ತು" ಅಂದ ಕೊನೆಗೆ. "ನಾನು ಬರೋ ಹೊತ್ಗೆ ಪೂರ್ತಿ ತಣ್ಣಗಾಗಿತ್ತು ಕಣಪ್ಪ."

ಬಿದಿರನ್ನು ಕೆಳಗಿಟ್ಟು ಅಂಗಳದ ಅಂಚಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ನಿಂತ.

"ಹಂಗಾದ್ರೆ ಶ್ರವಣ" ಅಂದ ಹುಚ್ಚಣ್ಣ, ದಾರದ ಗಂಟು ಬಿಗಿದು. "ದೋಷ ಗೀಷ ಏನಿಲ್ಲ. ಏಳ್ರಪ್ಪ, ಬಿಸ್ಲು ಏರ್ತಾ ಐತೆ."

ರವಿಚಂದ್ರ ಮೊಬೈಲನ್ನು ಜೇಬಿಗಿಳಿಸಿದ. ಹೆಗಲಿಗೆ ಟವಲು ಹಾಕಿಕೊಂಡು ಚಟ್ಟದ ಮುಂದಿನ ತುದಿಗೆ ಅವನೇ ಕೈ ಕೊಟ್ಟ. ಹಿಂದಿನ ತುದಿಗೆ ಶಫಿ.

ಗಂಡಸರು ಹೊರಟುಹೋದರು. ಹೈವೇಯಲ್ಲಿ ಮಂಗಳೂರಿಗೆ ಇಳಿಯುವ ಲಾರಿಗಳು ಸಾಲಾಗಿ ನಿಂತು, ಹೆಣ ದಾಟಿದ ಮೇಲೆ ಮತ್ತೆ ಸದ್ದು ಮಾಡಿದವು. ಪಕ್ಕದ ಮನೆಯ ಹೇಮಶ್ರೀ ಬಕೆಟ್ಟಿನಲ್ಲಿ ನೀರು, ಕೈಯಲ್ಲಿ ಪೊರಕೆ ಹಿಡಿದು ಬಂದಳು. ಹೆಣ ಎತ್ತಿದ ಮನೆಯನ್ನು ಗಂಡಸರು ತಿರುಗಿ ಬರುವ ಮೊದಲೇ ತೊಳೆಯಬೇಕು.

"ಗಂಗಕ್ಕ, ಹೊರಗೆ ಬನ್ನಿ. ನೆಲಕ್ಕೆ ನೀರು ಹಾಕ್ತೀನಿ."

"ಒಂದೂಕಾಲು ಗಂಟೆ ಬುಟ್ಟು ಬಾ ತಾಯಿ" ಅಂದಳು ಗಂಗಾಮಣಿ.

ಹೇಮಶ್ರೀಗೆ ಅರ್ಥವಾಗಲಿಲ್ಲ. ಬಕೆಟ್ಟು ಹೊಸ್ತಿಲ ಹೊರಗಿಟ್ಟು ಹಿಂದೆ ಸರಿದಳು. ಗಂಗಾಮಣಿ ಮುಂಬಾಗಿಲು ಎಳೆದು ಚಿಲಕ ಹಾಕಿಕೊಂಡಳು. ಅವನನ್ನು ಮಲಗಿಸಿದ್ದ ಜಾಗದ ಪಕ್ಕದಲ್ಲಿ, ತಲೆಯ ಕಡೆಗಲ್ಲ, ಕೈ ಇದ್ದ ಕಡೆ ಕೂತಳು. ಬರಿನೆಲದ ಮೇಲೆ ಅಂಗೈ ಊರಿ, ಬೆರಳುಗಳನ್ನು ಮೆಲ್ಲಗೆ ಮಡಿಸಿಕೊಂಡಳು. ಎಲ್ಲಿಂದ ಶುರು ಮಾಡುವುದು ಅಂತ ಒಂದು ಕ್ಷಣ ಯೋಚಿಸಿ, "ಏನ್ರೀ..." ಅಂದಳು.