ಡೀಲಿಯಾಳ ಮನೆಯಲ್ಲಿ ಕಾಲು ಗಂಟೆ

ಗಾಡಿಯ ಚಕ್ರ ಮತ್ತೆ ಕೆಸರಿನಲ್ಲಿ ಹೂತುಕೊಂಡಿತು, ಹೂತುಕೊಳ್ಳಲಿ, ಇವತ್ತು ನಡೆದಾದರೂ ಹೋಗಿಯೇ ತೀರುತ್ತೇನೆ, ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರ ಮನೆಯ ಮುಂದೆಯೂ ಇದೇ ಕೆಸರು, ಸಂಪುಟದ ಆರೂ ಮಂತ್ರಿಗಳು ತುಳಿಯುವುದು ಇದನ್ನೇ, ಮೆತ್ತಿಕೊಂಡಿರುವುದು ಮಾತ್ರ ಡೀಲಿಯಾಗೆ — ನೌಕಾಮಂತ್ರಿಯ ಹೊಸ ಹೆಂಡತಿ, ಮೊದಲ ಗಂಡ ಸತ್ತ ಐದೇ ತಿಂಗಳಿಗೆ ಮದುವೆಯಾದವಳು, ಊಟದ ಮನೆ ನಡೆಸುತ್ತಿದ್ದವಳು, ಮಂತ್ರಿಗಳ ಹೆಂಡಂದಿರು ಯಾರೂ ಅವಳ ಹೊಸ್ತಿಲು ತುಳಿದಿಲ್ಲ, ನಾನೂ ತುಳಿದಿಲ್ಲ, ಔತಣಕ್ಕೆ ಕರೆದ್ರೆ ತಟ್ಟೆ ಎತ್ತೋಕೆ ಬಂದ್ಬಿಡ್ತಾಳೆ ಕಣ್ರೇ, ಖಜಾನೆ ಮಂತ್ರಿಯ ಹೆಂಡತಿ ಹಾರಿಯೆಟ್ ಥ್ಯಾಕ್ಸ್ಟನ್ ಅಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ, ಥೂ ನನ್ನ ಜನ್ಮಕ್ಕೆ, ಹಾರಿಯೆಟ್ಟಳ ಮಗನಿಗೆ ನನ್ನ ಸೂಸನ್‌ಳನ್ನು ಕೊಡಬೇಕಲ್ಲ, ಅದಕ್ಕೇ ನಕ್ಕೆ. ಬೆಳಿಗ್ಗೆ ಗಂಡ ಕಾಫಿ ಬಟ್ಟಲು ಕುಕ್ಕಿದ, ಹೋಗಲೇಬೇಕು ಅಂದ್ರೆ ಹೋಗು ಟ್ಯಾಬಿ, ಅಧ್ಯಕ್ಷರೇ ಸಂಪುಟದಲ್ಲಿ ಹೇಳಿದಾರೆ, ನಿಮ್ಮ ಹೆಂಗಸ್ರನ್ನ ಕಳಿಸಿ ಅಂತ, ಆದ್ರೆ ಕಾಲು ಗಂಟೆ ಅಷ್ಟೇ, ಟೋಪಿ ಮಾತ್ರ ತೆಗೀಬೇಡ, ಅಪ್ಪಣೆ ಇತ್ತು ಅಂತ ಹಾರಿಯೆಟ್‌ಗೆ ಅಂದ್ಬಿಡಬಹುದು, ತೆಗೆದ್ಯೋ ಸೂಸನ್ ಸಂಬಂಧ ಮುರೀತು. ಹೌದು, ಟೋಪಿ ತಲೆಯ ಮೇಲಿದ್ದರೆ ಬರೀ ಮರ್ಯಾದೆ, ತೆಗೆದರೆ ಗೆಳತಿ, ಇಲ್ಲಿ ಹಸುಗೂಸಿಗೂ ಇದು ಗೊತ್ತು. ಅವನು ಮರೆತಿದ್ದಾನೆ, ಡೀಲಿಯಾಳ ಊಟದ ಮನೆಯ ಮೇಲಂತಸ್ತಿನಲ್ಲಿ ನಾವು ಬಾಡಿಗೆಗಿದ್ದಾಗ ಐದು ವರ್ಷದ ಸೂಸನ್‌ಗೆ ಉಸಿರು ಕಟ್ಟಿಸುವ ಅಂಟು ಗಂಟಲು ಬೇನೆ, ಇದ್ದವರೆಲ್ಲ ಗಂಟು ಕಟ್ಟಿ ಓಡಿದರು, ಡೀಲಿಯಾ ಒಬ್ಬಳೇ ಒಂಬತ್ತು ದಿನ ಮಗುವನ್ನು ಎದೆಗಾನಿಸಿಕೊಂಡು ಕೂತಳು.

ಬಾಗಿಲು ಅವಳೇ ತೆರೆದಳು, ದಪ್ಪಗಾಗಿದ್ದಾಳೆ, ಬನ್ನಿ ಅಮ್ಮಾ, ಅಯ್ಯೋ ಪಾದವೆಲ್ಲ ಕೆಸರು, ಕೂತ್ಕೊಳ್ಳಿ, ಮೇಜಿನ ತುಂಬ ಬಟ್ಟಲು, ಭೇಟಿಯ ದಿನವೆಂದು ಪ್ರತಿ ಬುಧವಾರ ಹೀಗೆ ಜೋಡಿಸಿ ಕಾಯುತ್ತಾಳೇನೋ, ಕಿಟಕಿಯಾಚೆ ಎದುರು ಬದಿಯಲ್ಲಿ ಹಾರಿಯೆಟ್ಟಳ ಹಸಿರು ಗಾಡಿ ಬಂದು ನಿಂತಿತು, ಯಾರು ಬಂದರು ಎಂದು ನೋಡಲಿಕ್ಕೇ, ಡೀಲಿಯಾಳೂ ಕಂಡಳು, ಟೋಪಿ ಹಾಗೇ ಇರ್ಲಿ ಅಮ್ಮಾ, ಸೂಸನ್ ಮದುವೆ ಇದೆ, ನಂಗೆ ಗೊತ್ತಿಲ್ವಾ, ಬಂದ್ರಲ್ಲ, ಸಾಕು — ಮತ್ತೆ ಮೆಲ್ಲಗೆ, ಮಗು ಗಂಟಲು ಈಗ ಹೇಗಿದೆ, ಚರ್ಚಲ್ಲಿ ಹಾಡ್ತಾಳಂತೆ? ಹಾಡ್ತಾಳೆ ಡೀಲಿಯಾ, ಹಾಡ್ತಾಳೆ, ನಿನ್ನಿಂದ ಹಾಡ್ತಾಳೆ, ಸಂಬಂಧ ಮುರಿದರೆ ಸೂಸನ್ ಅಳುತ್ತಾಳೆ, ಅಳಲಿ, ಅಳುವುದಕ್ಕೂ ಉಸಿರು ಬೇಕಲ್ಲ, ಅದನ್ನು ಕೊಟ್ಟದ್ದು ಯಾರೆಂದು ಇವತ್ತೇ ಅವಳಿಗೆ ಹೇಳುತ್ತೇನೆ, ಎದ್ದೆ, ಗದ್ದದಡಿಯ ಟೋಪಿಯ ದಾರ ಎಳೆದೆ, ಕಿಟಕಿಯ ಹತ್ತಿರಕ್ಕೇ ಹೋಗಿ ನಿಂತೆ, ಹಸಿರು ಗಾಡಿಯ ಪರದೆ ಸರಿಯಿತು, ನೋಡು ಹಾರಿಯೆಟ್, ಸರಿಯಾಗಿ ನೋಡು, ಬರಿ ತಲೆ, ಅರ್ಧ ನರೆತ ಬರಿ ತಲೆ, ನನ್ನ ಬರಿ ತಲೆ